ಅಮ್ಮನಿಗೆ ಹೇಳಬೇಡ

ನನ್ನ ತಂಗಿ ವೀಣಾ ಎಲ್ಲಿ ಬೇಕಾದರೂ ನಿದ್ದೆ ಮಾಡುತ್ತಾಳೆ. ಆಟೋದಲ್ಲಿ, ಮದುವೆ ಛತ್ರದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕರೆಂಟ್ ಹೋದ ಮಧ್ಯಾಹ್ನದ ಸೆಖೆಯಲ್ಲಿ. ತಲೆಯನ್ನು ಒಂದು ಕಡೆ ವಾಲಿಸಿದಳೆಂದರೆ ಮುಗಿಯಿತು, ಬಾಯಿ ಸ್ವಲ್ಪ ತೆರೆದುಕೊಳ್ಳುತ್ತದೆ, ಕೈ ಎರಡೂ ಮಡಿಲಲ್ಲಿ ಸಡಿಲವಾಗಿ ಬೀಳುತ್ತವೆ. ನನಗೆ ಜೀವನದಲ್ಲಿ ಅತಿ ಹೆಚ್ಚು ಹೊಟ್ಟೆಕಿಚ್ಚು ತರಿಸಿದ್ದು ಯಾರ ಒಡವೆಯೂ ಅಲ್ಲ, ಮನೆಯೂ ಅಲ್ಲ. ಆ ಸಡಿಲವಾದ ಕೈಗಳು.

ನಾವಿಬ್ಬರೂ ಒಂದೇ ತಾಯಿಯ ಮಕ್ಕಳು, ಒಂದೇ ಮನೆಯ ಅನ್ನ ತಿಂದು ಬೆಳೆದವರು. ಅವಳಿಗೆ ಆ ಕೈ, ನನಗೆ ಯಾವಾಗಲೂ ಮುಷ್ಟಿ ಕಟ್ಟಿರುವ ಈ ಕೈ. ಯಾಕೆ ಹೀಗೆ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ.

ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೆಸರು ಶೋಭಾ. ಮನೆ ಜೆ.ಪಿ. ನಗರದಲ್ಲಿ, ನಮ್ಮನೆಯವರಿಗೆ ಬನಶಂಕರಿಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಒಬ್ಬಳೇ ಮಗಳು ಮೇಘಾ, ಬಿ.ಕಾಂ. ಓದುತ್ತಿದ್ದಾಳೆ. ವೀಣಾ ಇರುವುದು ತ್ಯಾಗರಾಜನಗರದಲ್ಲಿ, ಗಂಡ ಮತ್ತು ಇಬ್ಬರು ಗಂಡುಮಕ್ಕಳ ಜೊತೆ. ಮನೆಯಲ್ಲೇ ಮಕ್ಕಳಿಗೆ ಚಿತ್ರ ಬಿಡಿಸುವುದನ್ನು ಕಲಿಸುತ್ತಾಳೆ. ಇಷ್ಟೇ ನಮ್ಮ ಸಂಸಾರ. ಹೊರಗಿನಿಂದ ನೋಡಿದರೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಅದೇ ನನ್ನ ಕಷ್ಟವಾಗಿತ್ತು.

ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಯಾವುದೋ ಒಂದು ಯೋಚನೆ ಮಂಚದ ಪಕ್ಕದಲ್ಲಿ ಕಾಯುತ್ತಾ ನಿಂತಿರುತ್ತಿತ್ತು. ಮೇಘಾ ಸ್ಕೂಟರಿನಲ್ಲಿ ಹೋಗುತ್ತಾಳಲ್ಲ, ರಿಂಗ್ ರೋಡಿನಲ್ಲಿ ಆ ಬಸ್ಸುಗಳು. ನಮ್ಮನೆಯವರ ಬಿಪಿ. ಸ್ಕೂಲಿನಲ್ಲಿ ಹೆಡ್ ಮಿಸ್ ನಿನ್ನೆ ಮಾತಾಡಿಸಲಿಲ್ಲ, ಯಾಕೆ? ಒಂದು ಯೋಚನೆ ಸುಳ್ಳು ಎಂದು ಗೊತ್ತಾದರೆ ಸಮಾಧಾನ ಆಗಬೇಕಲ್ಲ, ಆಗುತ್ತಿರಲಿಲ್ಲ. ಅದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತಿತ್ತು. ಎಲ್ಲವೂ ಸರಿಯಾಗಿದ್ದ ದಿನ ಇನ್ನೂ ಹೆಚ್ಚು ದಿಗಿಲು. ಏನೋ ಒಂದನ್ನು ಮರೆತಿದ್ದೇನೆ, ನಾನು ಮರೆತದ್ದರಿಂದಲೇ ಅದು ಆಗಿಬಿಡುತ್ತದೆ ಎಂಬ ಭಾವನೆ. ಯೋಚನೆ ಮಾಡುವುದು ನನ್ನ ಕರ್ತವ್ಯ, ನಾನು ಕೈಬಿಟ್ಟರೆ ಮನೆ ಬೀಳುತ್ತದೆ ಎಂದು ನಂಬಿದ್ದೆ.

ಸಂಜೆಯ ಹೊತ್ತಿಗೆ ಆ ಯೋಚನೆಯೆಲ್ಲ ಮೈಗೆ ಇಳಿಯುತ್ತಿತ್ತು. ಕತ್ತು ಸೆಟೆದುಕೊಳ್ಳುತ್ತಿತ್ತು. ಭುಜ ಕಲ್ಲು. ದವಡೆ ಎಷ್ಟು ಬಿಗಿಯಾಗಿರುತ್ತಿತ್ತೆಂದರೆ ಚಪಾತಿ ಅಗಿಯಲು ನೋವು. ಮೈ ಬಿಗಿದಷ್ಟೂ ಮನಸ್ಸು ಸಿಡಿಮಿಡಿ. ಮೇಘಾ ಲೋಟ ಸ್ವಲ್ಪ ಜೋರಾಗಿ ಇಟ್ಟರೂ ಕೂಗುತ್ತಿದ್ದೆ. ಕೂಗಿದ ಮೇಲೆ ಬೇಜಾರು, ಇವಳು ನನ್ನನ್ನು ಕಂಡರೆ ಹೆದರುತ್ತಾಳೇನೋ ಎಂಬ ಹೊಸ ಯೋಚನೆ, ಮತ್ತೆ ಕತ್ತು ಬಿಗಿ. ಇದು ಒಂದು ಗಾಣ. ನಾನು ಅದರ ಸುತ್ತ ವರ್ಷಗಟ್ಟಲೆ ತಿರುಗಿದೆ, ಅದಕ್ಕೆ ಹೆಸರಿದೆ ಎಂದು ಗೊತ್ತಿರಲಿಲ್ಲ.

ಗೊತ್ತಿದ್ದದ್ದು ನೋವು ಮಾತ್ರ. ಹಾಗಾಗಿ ನೋವಿನ ಡಾಕ್ಟರುಗಳ ಹತ್ತಿರ ಹೋದೆ. ಹಲ್ಲಿನ ಡಾಕ್ಟರು ನೋಡಿ, "ನಿದ್ದೇಲಿ ಹಲ್ಲು ಕಡೀತೀರಾ ಮೇಡಂ, ಹಿಂದಿನ ಹಲ್ಲೆಲ್ಲ ಸವೆದುಹೋಗಿದೆ" ಎಂದರು. ಹಲ್ಲಿಗೆ ತೊಡಿಸಿಕೊಳ್ಳಲು ಒಂದು ಕವಚ ಮಾಡಿಸಿಕೊಟ್ಟರು. ಕತ್ತಿಗೆ ಫಿಸಿಯೋಥೆರಪಿ ಆಯಿತು. ಎದೆ ಡವಡವ ಎನ್ನುತ್ತದೆ ಎಂದಾಗ ಇಸಿಜಿ ಆಯಿತು. ಹೊಟ್ಟೆ ತೊಳಸುತ್ತದೆ ಎಂದಾಗ ಸ್ಕ್ಯಾನ್ ಆಯಿತು. ಎಲ್ಲ ರಿಪೋರ್ಟೂ ಚೆನ್ನಾಗಿ ಬಂತು.

ರಿಪೋರ್ಟ್ ಚೆನ್ನಾಗಿದೆ ಎಂದಾಗ ನನಗೆ ಖುಷಿ ಆಗುತ್ತಿರಲಿಲ್ಲ. ಆ ಕ್ಲಿನಿಕ್ಕುಗಳಲ್ಲಿ ಕಾಯುತ್ತಾ ಕೂತಾಗ ಎದುರಿಗಿದ್ದವರನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬರು ಬಂದರು ಎಂದರೆ ಎಲ್ಲರೂ ಎದ್ದು ಜಾಗ ಬಿಡುತ್ತಾರೆ. ಹೆಂಡತಿ ನೀರಿನ ಬಾಟಲಿ ಹಿಡಿದು ನಿಂತಿರುತ್ತಾಳೆ. ಅವರ ನೋವು ಎಲ್ಲರಿಗೂ ಕಾಣುತ್ತದೆ. ನನ್ನದನ್ನು ನಾನೇ ತೋರಿಸಲಾರೆ. ನಮ್ಮನೆಯವರು ಕೆಟ್ಟವರಲ್ಲ, ಆದರೆ ಅವರಿಗೆ ಹೇಳಲು ಇದ್ದದ್ದು ಒಂದೇ ಮಾತು.

"ಯೋಚನೆ ಮಾಡ್ಬೇಡ ಶೋಭಾ. ಏನೂ ಇಲ್ಲ ಅಂತ ಡಾಕ್ಟ್ರೇ ಹೇಳಿದ್ರಲ್ಲ."

ಬಾವಿಗೆ ಬಿದ್ದವರಿಗೆ ಒದ್ದೆಯಾಗಬೇಡ ಎಂದ ಹಾಗಿರುತ್ತಿತ್ತು ಅದು.

ಆ ವರ್ಷ ದಸರಾ ರಜೆಗೆ ಮುಂಚೆ ಮೇಘಾ, ಪರೀಕ್ಷೆಗೆ ಓದಿಕೊಳ್ಳಲು ಚಿಕ್ಕಮ್ಮನ ಮನೆಗೆ ಹೋಗುತ್ತೇನೆ, ಒಂದು ವಾರ ಅಲ್ಲೇ ಇರುತ್ತೇನೆ ಎಂದಳು. ಅಲ್ಲಿಂದ ಕಾಲೇಜು ಹತ್ತಿರ. ನನಗೆ ಇಷ್ಟವಿರಲಿಲ್ಲ. ಇತ್ತೀಚೆಗೆ ಅವಳು ಅಲ್ಲಿಗೆ ಹೋಗುವುದು ಹೆಚ್ಚಾಗಿತ್ತು, ಅಲ್ಲಿಂದ ಬಂದಾಗ ಮುಖ ಗೆಲುವಾಗಿರುತ್ತಿತ್ತು. ವೀಣಾಳಿಗೆ ಅವಳದೇ ಇಬ್ಬರು ಮಕ್ಕಳಿದ್ದಾರಲ್ಲ, ನನಗಿರುವ ಒಂದನ್ನೂ ಅವಳೇ ಇಟ್ಟುಕೊಳ್ಳಬೇಕಾ ಎಂದು ಮನಸ್ಸಿನಲ್ಲೇ ಬೈದುಕೊಂಡು ಕಳಿಸಿದೆ. ಸಂಜೆಗೆ ನಾಲ್ಕಾರು ಸಲ ಫೋನ್ ಮಾಡುತ್ತಿದ್ದೆ. "ಚೆನ್ನಾಗಿದೀನಿ ಅಮ್ಮ, ಊಟ ಆಯ್ತು ಅಮ್ಮ" ಎನ್ನುತ್ತಿದ್ದಳು. ವಾರ ಕಳೆದು ಮನೆಗೆ ಬಂದಳು. ದೊಗಳೆ ಪ್ಯಾಂಟು ಹಾಕಿಕೊಂಡು ಓಡಾಡುತ್ತಿದ್ದಳು. ನಾನು ಅವಳ ಮುಖ ನೋಡುತ್ತಿದ್ದೆನೇ ಹೊರತು ಕಾಲು ನೋಡಲಿಲ್ಲ.

ಆಮೇಲೊಂದು ಶನಿವಾರ ಮಧ್ಯಾಹ್ನ ಸ್ಕೂಲು ಮುಗಿಸಿಕೊಂಡು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತರಕಾರಿ ತೆಗೆದುಕೊಳ್ಳುತ್ತಿದ್ದೆ. ವೀಣಾಳ ಮನೆಯ ಕೆಳಗಿನ ಮನೆಯಲ್ಲಿರುವ ಪದ್ಮಾ ಆಂಟಿ ಸಿಕ್ಕರು. ಹುರುಳಿಕಾಯಿ ಆರಿಸುತ್ತಲೇ ಕೇಳಿದರು.

"ಮಗಳ ಮೊಣಕಾಲು ಹೇಗಿದೆಯಮ್ಮ? ಹೊಲಿಗೆ ಬಿಚ್ಚಿದ್ರಾ?"

"ಯಾವ ಹೊಲಿಗೆ?" ಎಂದೆ.

ಅವರು ನನ್ನ ಮುಖ ನೋಡಿದರು. ತಕ್ಷಣ ಗೊತ್ತಾಯಿತು ಅವರಿಗೆ. "ಅಯ್ಯೋ, ನಾನು ಬೇರೆ ಯಾರದ್ದೋ ಅನ್ಕೊಂಡೆ" ಎಂದು ಏನೇನೋ ಹೇಳಿ, ಕಾಯಿ ಅಲ್ಲೇ ಬಿಟ್ಟು ಹೊರಟುಹೋದರು.

ನಾನು ಮನೆಗೆ ಹೋಗಲಿಲ್ಲ. ತರಕಾರಿ ಚೀಲ ಹಿಡಿದುಕೊಂಡೇ ಆಟೋ ಹತ್ತಿ ವೀಣಾಳ ಮನೆಗೆ ಹೋದೆ. ಅವಳು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದಳು. ಆ ದಿನವೂ ಮಲಗಿದ್ದಳು.

"ಮೇಘಂಗೆ ಏನಾಗಿತ್ತು?"

ಅವಳು ಎದ್ದು ಕೂತು ಕೂದಲು ಗಂಟು ಕಟ್ಟಿಕೊಂಡಳು. ಸುಳ್ಳು ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ. "ಆ ವಾರ ಇಲ್ಲಿದ್ದಾಗ್ಲೇ ಸ್ಕೂಟರು ಸ್ಕಿಡ್ ಆಯ್ತು ಅಕ್ಕಾ. ಮಣ್ಣು ರಾಶಿ ಹಾಕಿದ್ರು ರೋಡಲ್ಲಿ. ಮೊಣಕಾಲು ಸೀಳಿತ್ತು, ಹೊಲಿಗೆ ಹಾಕಿದ್ರು. ಮೂಳೆಗೇನೂ ಆಗಿಲ್ಲ. ಈಗ ವಾಸಿಯಾಗಿದೆ."

"ನಿನಗೆ ಫೋನ್ ಮಾಡಿದ್ಲಾ?"

"ಹೂಂ."

"ನನಗೆ ಯಾಕೆ ಹೇಳ್ಲಿಲ್ಲ? ನಾನು ಅವಳ ಅಮ್ಮ ಕಣೆ."

"ಅಮ್ಮಂಗೆ ಹೇಳ್ಬೇಡ ಅಂದ್ಲು."

"ಅವಳು ಹೇಳ್ಬೇಡ ಅಂದ್ರೆ ನೀನು ಬಿಟ್ಬಿಡೋದಾ? ನೀನೇನು ಅವಳ ಸ್ನೇಹಿತೆನಾ?" ನನ್ನ ಧ್ವನಿ ನನಗೇ ಕೇಳಲಾಗದಷ್ಟು ಏರಿತ್ತು. "ನಿನಗೆ ಅದೇ ಬೇಕಿತ್ತು. ಅವಳು ನಿನ್ನ ಹತ್ರ ಓಡಿ ಬರ್ಬೇಕು, ನಾನು ರಾಕ್ಷಸಿ ಆಗ್ಬೇಕು."

ವೀಣಾ ಚಾಪೆ ಸುತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು. "ಅಕ್ಕಾ, ಹೊಲಿಗೆ ಹಾಕ್ವಾಗ ಅವಳು ಅಳ್ತಿದ್ಲು. ನೋವಿಗಲ್ಲ. ನಿನಗೆ ಗೊತ್ತಾದ್ರೆ ಅಂತ. ಭಾವಂಗೆ ನಾನೇ ಹೇಳ್ದೆ. ಅವರೂ ಬೇಡ ಅಂದ್ರು. ಆವತ್ತು ಆ ಮಗುಗೆ ನಿನ್ನನ್ನ ಸಮಾಧಾನ ಮಾಡೋ ಶಕ್ತಿ ಇರ್ಲಿಲ್ಲ ಅಕ್ಕಾ. ಅಷ್ಟೇ."

ನಮ್ಮನೆಯವರಿಗೂ ಗೊತ್ತಿತ್ತು. ಕೆಳಗಿನ ಮನೆಯವರಿಗೂ ಗೊತ್ತಿತ್ತು. ನನ್ನ ಸುತ್ತ ಎಲ್ಲರೂ ಸೇರಿ ಒಂದು ಗೋಡೆ ಕಟ್ಟಿದ್ದರು, ನನ್ನನ್ನು ಕಾಪಾಡಲಿಕ್ಕಲ್ಲ, ನನ್ನಿಂದ ಕಾಪಾಡಿಕೊಳ್ಳಲಿಕ್ಕೆ. ಇನ್ನೂ ಏನೇನು ಮುಚ್ಚಿಟ್ಟಿದ್ದಾರೆ ಎಂಬ ಯೋಚನೆ ಬಂದದ್ದೇ ತಡ, ಕತ್ತು ಒಂದು ಕಡೆಗೆ ಹಿಡಿದುಕೊಂಡಿತು. ತಿರುಗಿಸಲು ಆಗಲಿಲ್ಲ. ಬೆರಳೆಲ್ಲ ಜುಮುಜುಮು. ಉಸಿರು ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ. ಸಾಯುತ್ತಿದ್ದೇನೆ ಎಂದುಕೊಂಡೆ. ಆ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಓಡಿದ್ದು, ಇನ್ನು ಮೇಘಾ ಪೂರ್ತಿಯಾಗಿ ಇವಳವಳಾಗುತ್ತಾಳೆ ಎಂದು.

ವೀಣಾ ನನ್ನ ಚಪ್ಪಲಿ ಹುಡುಕಿ ತಾನೇ ತೊಡಿಸಿ, ಕೈ ಹಿಡಿದು ಮೆಟ್ಟಿಲು ಇಳಿಸಿ, ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದಳು. ಮತ್ತೆ ಇಸಿಜಿ, ಮತ್ತೆ ನಾರ್ಮಲ್. ಡ್ಯೂಟಿಯಲ್ಲಿದ್ದ ಡಾಕ್ಟರು ವಯಸ್ಸಾದವರು. ಹಳೆಯ ರಿಪೋರ್ಟುಗಳ ಕಥೆ ಕೇಳಿ, ಪೆನ್ನು ಕೆಳಗಿಟ್ಟು ಹೇಳಿದರು.

"ನಿಮಗೆ ಏನೂ ಇಲ್ಲ ಅಂತ ನಾನು ಹೇಳಲ್ಲಮ್ಮ. ಇದೆ. ಆದ್ರೆ ಹಾರ್ಟಲ್ಲಿಲ್ಲ. ಒಂದ್ಸಲ ಸೈಕಿಯಾಟ್ರಿಸ್ಟ್ ಹತ್ರ ತೋರಿಸ್ಕೊಳಿ."

ಇದೆ ಎಂದರಲ್ಲ, ನನಗೆ ಅಳು ಬಂತು. ಯಾರೋ ಒಬ್ಬರು ಕೊನೆಗೂ ನನ್ನನ್ನು ನಂಬಿದ್ದರು.

ಹೊರಗೆ ಬಂದರೆ, ಕಾಯುವ ಜಾಗದ ಬೆಂಚಿನ ಮೇಲೆ ವೀಣಾ ನನ್ನ ತರಕಾರಿ ಚೀಲ ತಬ್ಬಿಕೊಂಡು ನಿದ್ದೆ ಹೋಗಿದ್ದಳು.

ಮನೆಗೆ ಬಂದ ಮೇಲೆ ಮೇಘಾ ಕಾಲು ತೋರಿಸಿದಳು. ಗುಲಾಬಿ ಬಣ್ಣದ ಗೆರೆ, ಎರಡು ಬದಿಯಲ್ಲೂ ಚುಕ್ಕಿ. ನಾನು ಮುಟ್ಟಿ ನೋಡಿದೆ. "ಸಾರಿ ಅಮ್ಮ" ಎಂದಳು. ನಾನು ಅವಳ ಪ್ಯಾಂಟಿನ ಮಡಿಕೆ ಕೆಳಗಿಳಿಸಿದೆ. ಹೇಳಲು ಬಾಯಿ ತೆರೆದರೆ ಬರುವುದು ಪ್ರಶ್ನೆಗಳ ಸುರಿಮಳೆಯೇ ಎಂದು ಗೊತ್ತಿತ್ತು.

ನಮ್ಮನೆಯವರು ಸೈಕಿಯಾಟ್ರಿಸ್ಟ್ ಎಂಬ ಮಾತಿಗೆ ಹೆದರಿದರು. "ಅದೆಲ್ಲ ಮಾತ್ರೆ ಶುರು ಮಾಡಿದ್ರೆ ಬಿಡೋಕಾಗಲ್ವಂತೆ. ಒಂದ್ಸಲ ಎಲ್ಲಾದ್ರೂ ನಾಲ್ಕು ದಿನ ಹೋಗಿ ಬರೋಣ, ಮನಸ್ಸು ಹಗುರ ಆಗತ್ತೆ" ಎಂದರು. ಎಲ್ಲಿಗೆ ಹೋದರೂ ಈ ತಲೆಯನ್ನು ಹೊತ್ತುಕೊಂಡೇ ಹೋಗಬೇಕಲ್ಲ ಎಂದೆ. ಅವರಿಗೆ ಅದು ತಟ್ಟಿತೇನೋ, ಮರುದಿನ ತಾವೇ ಅಂಗಡಿಯಿಂದ ಫೋನ್ ಮಾಡಿ ಜೆ.ಪಿ. ನಗರದಲ್ಲಿ ಒಬ್ಬ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು.

ಆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ಕಾದದ್ದು ನನ್ನ ಜೀವನದ ಅತ್ಯಂತ ಉದ್ದದ ಹೊತ್ತು. ನಮ್ಮ ಸ್ಕೂಲಿನವರು ಯಾರಾದರೂ ನೋಡಿದರೆ? ಸೆರಗನ್ನು ತಲೆ ಮೇಲೆ ಎಳೆದುಕೊಳ್ಳಬೇಕು ಎನಿಸಿತು. ಅಂಜಿದ್ದೇ ಆಯಿತು. ಬಾಗಿಲು ತೆಗೆದುಕೊಂಡು ಒಳಗೆ ಬಂದವರು ನಮ್ಮ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ. ಪೇರೆಂಟ್ಸ್ ಮೀಟಿಂಗಿನಲ್ಲಿ ಗಟ್ಟಿಯಾಗಿ ಮಾತಾಡುವ ಹೆಂಗಸು. ಇಬ್ಬರ ಕಣ್ಣೂ ಕೂಡಿತು. ಇಬ್ಬರೂ ನೆಲ ನೋಡಿದೆವು. ಬೇರೆ ಕುರ್ಚಿ ಖಾಲಿ ಇರಲಿಲ್ಲ. ನಾನು ಪಕ್ಕದ ಕುರ್ಚಿಯಲ್ಲಿಟ್ಟಿದ್ದ ಬ್ಯಾಗನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡೆ.

ಆಕೆ ಕೂತರು. ಎದುರಿನ ಗೋಡೆಯನ್ನೇ ನೋಡುತ್ತಾ, "ಈ ಡಾಕ್ಟ್ರು ಚೆನ್ನಾಗಿ ನೋಡ್ತಾರೆ ಮಿಸ್. ಹೆದರ್ಕೋಬೇಡಿ" ಎಂದರು. ಅಷ್ಟೇ ನಮ್ಮ ಮಾತು. ಆಕೆ ಇಂದಿಗೂ ಸ್ಕೂಲಿಗೆ ಬಂದಾಗ ಅದರ ಬಗ್ಗೆ ಒಂದು ಮಾತು ಎತ್ತಿಲ್ಲ. ಆ ಒಂದು ವಾಕ್ಯಕ್ಕೆ ನಾನು ಎಷ್ಟು ಋಣಿ ಎಂದು ಆಕೆಗೆ ಗೊತ್ತಿಲ್ಲ.

ಡಾಕ್ಟರು ನನಗಿಂತ ಚಿಕ್ಕವರು. ಯಾವಾಗಿನಿಂದ ಹೀಗೆ ಎಂದು ಕೇಳಿದರು. ನೆನಪಿರುವಷ್ಟು ಕಾಲದಿಂದ ಎಂದೆ. ಚಿಕ್ಕವಳಿದ್ದಾಗ ಅಪ್ಪ ಬರುವುದು ತಡವಾದರೆ ಗೇಟಿನ ಹತ್ತಿರ ನಿಂತು ಕಂಬಿ ಹಿಡಿದುಕೊಂಡಿರುತ್ತಿದ್ದೆ, ವೀಣಾ ಒಳಗೆ ಆಡಿಕೊಂಡಿರುತ್ತಿದ್ದಳು ಎಂದೆ. ಆಮೇಲೆ ಮಾತು ನಿಲ್ಲಲೇ ಇಲ್ಲ. ಯೋಚನೆಯ ಬಗ್ಗೆ ಹೇಳಲು ಹೋದವಳು ತಂಗಿಯ ಬಗ್ಗೆಯೇ ಹೇಳಿದೆ. ಅವಳ ನಿದ್ದೆ, ಅವಳ ನಗು, ಅವಳ ಹತ್ತಿರ ಓಡುವ ನನ್ನ ಮಗಳು. ಹೇಳಿ ಮುಗಿದ ಮೇಲೆ ನಾಚಿಕೆಯಾಯಿತು. "ಇದು ನಿಮಗೆ ಬೇಕಾಗಿರಲಿಲ್ಲವೇನೋ" ಎಂದೆ.

"ಇದೇ ಬೇಕಾಗಿದ್ದು" ಎಂದರು ಅವರು. "ಸುಸ್ತಾದವರಿಗೆ ಕೂತವರನ್ನು ಕಂಡರೆ ಹೊಟ್ಟೆಕಿಚ್ಚಾಗತ್ತೆ. ನೀವು ಬಹಳ ವರ್ಷದಿಂದ ನಿಂತೇ ಇದೀರಿ."

ಜನರಲೈಸ್ಡ್ ಆಂಕ್ಸೈಟಿ ಎಂದು ಅವರು ಹೆಸರು ಹೇಳಿದರು. ಒಂದು ವಿಷಯಕ್ಕಲ್ಲ, ಎಲ್ಲದಕ್ಕೂ ಅಂಟಿಕೊಳ್ಳುವ ಆತಂಕ. ಮಾತ್ರೆ ಬರೆದುಕೊಟ್ಟರು, ವಾರಕ್ಕೊಮ್ಮೆ ಪಕ್ಕದ ರೂಮಿನ ಕೌನ್ಸೆಲರ್ ಹತ್ತಿರ ಬರಲು ಹೇಳಿದರು. ಹೊರಗೆ ಬಂದಾಗ ನಮ್ಮನೆಯವರು ಎದ್ದು ನಿಂತು, ಏನು ಎಂಬಂತೆ ನೋಡಿದರು. "ಇದೆಯಂತೆ" ಎಂದೆ. ಅವರು ನನ್ನ ಬ್ಯಾಗ್ ತೆಗೆದುಕೊಂಡರು.

ಮಾತ್ರೆ ತೆಗೆದುಕೊಂಡ ಕೂಡಲೇ ಹಗುರವಾಗುತ್ತದೆ ಎಂದು ಯಾರಾದರೂ ಅಂದುಕೊಂಡಿದ್ದರೆ, ಹಾಗಲ್ಲ. ಶುರುವಿನಲ್ಲಿ ಹೊಟ್ಟೆ ಕೆಟ್ಟಿತು, ಬಾಯಿ ಒಣಗಿತು, ದಿಗಿಲು ಹೆಚ್ಚೇ ಆಯಿತು. ಬಿಟ್ಟುಬಿಡುತ್ತೇನೆ ಎಂದು ಫೋನ್ ಮಾಡಿದಾಗ, ಇನ್ನು ಸ್ವಲ್ಪ ದಿನ ತಡೆಯಿರಿ ಎಂದು ಡಾಕ್ಟರು ಧೈರ್ಯ ಹೇಳಿದರು. ತಡೆದೆ. ಒಂದು ದಿನ ಬೆಳಗ್ಗೆ ಕಾಫಿ ಕುಡಿಯುತ್ತಿರುವಾಗ, ಕಾಫಿಯ ರುಚಿ ಮಾತ್ರ ಗೊತ್ತಾಗುತ್ತಿದೆ ಎಂದು ಅರಿವಾಯಿತು. ಬೇರೆ ಯಾವುದೂ ಪಕ್ಕದಲ್ಲಿ ನಿಂತಿರಲಿಲ್ಲ. ಆಶ್ಚರ್ಯವಾಗಿ ಲೋಟ ಕೆಳಗಿಟ್ಟೆ. ಇಟ್ಟ ಮೇಲೆ ಯೋಚನೆ ಬಂತು, ಅದು ಬೇರೆ ಮಾತು.

ಕೌನ್ಸೆಲರ್ ನನಗೆ ಕಲಿಸಿದ್ದು ಕೇಳಿದರೆ ಮಕ್ಕಳಾಟದ ಹಾಗಿದೆ. ಮುಷ್ಟಿಯನ್ನು ಬೇಕೆಂದೇ ಗಟ್ಟಿಯಾಗಿ ಬಿಗಿಯಬೇಕು, ಆಮೇಲೆ ಬಿಡಬೇಕು. ಭುಜವನ್ನು ಕಿವಿಯವರೆಗೆ ಎತ್ತಬೇಕು, ಬಿಡಬೇಕು. ದವಡೆ ಹಾಗೆಯೇ. ಮೊದಲ ದಿನ ಭುಜ ಎತ್ತಿ ಎಂದಾಗ ನಗು ಬಂತು, ಯಾಕೆಂದರೆ ಅದು ಆಗಲೇ ಎತ್ತಿಕೊಂಡೇ ಇತ್ತು. ಇಳಿಸುವುದು ಹೇಗೆಂದೇ ನನ್ನ ಮೈಗೆ ಮರೆತುಹೋಗಿತ್ತು. ಇನ್ನೊಂದು, ಯೋಚನೆಗೆ ಸಂಜೆ ಒಂದು ಹೊತ್ತು ಇಟ್ಟುಕೊಳ್ಳುವುದು. ಬೇರೆ ಹೊತ್ತಿನಲ್ಲಿ ಬಂದರೆ, ಸಂಜೆ ಬಾ ಎನ್ನುವುದು. ತಾರಸಿಯ ಮೇಲೆ ಕೂತು ಯೋಚಿಸಲು ಶುರು ಮಾಡಿದರೆ ಬೆಳಗಿನದ್ದು ಅರ್ಧ ಮರೆತೇ ಹೋಗಿರುತ್ತಿತ್ತು.

ಕಷ್ಟವಾದದ್ದು ಪ್ರಶ್ನೆ ಕೇಳದೆ ಇರುವುದು. ಮೇಘಾ ಬಾಗಿಲು ದಾಟುವಾಗ ನಾಲಿಗೆಯ ತುದಿಯಲ್ಲಿ ಇರುತ್ತಿತ್ತು, ತಲುಪಿದ ಕೂಡ್ಲೇ ಫೋನ್ ಮಾಡು ಎಂದು. ಹೇಳುತ್ತಿರಲಿಲ್ಲ. ಕೆಲವು ಸಲ ಹೇಳಿಯೇಬಿಡುತ್ತಿದ್ದೆ. ಒಂದು ಮಳೆಯ ಸಂಜೆ ಅವಳು ಫೋನ್ ತೆಗೆಯದಿದ್ದಾಗ, ಅವಳ ಸ್ನೇಹಿತೆಯರಿಗೆಲ್ಲ ಫೋನ್ ಮಾಡಿ ಹಳೆಯ ರಾಮಾಯಣವನ್ನೇ ಮಾಡಿದೆ. ಅವಳು ಬಂದು ಕೋಣೆ ಬಾಗಿಲು ಹಾಕಿಕೊಂಡಳು. ಎಷ್ಟು ದೂರ ಬಂದೆ ಎಂದುಕೊಂಡಿದ್ದೆನೋ ಅಷ್ಟೂ ಹಿಂದಕ್ಕೆ ಹೋದೆ ಅನಿಸಿತು. ಗುಣವಾಗುವುದು ನೇರ ರಸ್ತೆಯಲ್ಲ.

ವೀಣಾಳ ಮೇಲಿನ ಕೋಪ ಇಳಿಯಲು ಬಹಳ ಕಾಲ ಬೇಕಾಯಿತು. ಕೋಪ ಇಳಿದರೂ ಹೊಟ್ಟೆಕಿಚ್ಚು ಹೋಗಲಿಲ್ಲ. ಒಂದು ದಿನ ಅವಳ ಮನೆಯ ಹೊರಗೆ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದೆವು. ಅವಳು ರಸ್ತೆ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಒಂದು ಕೇಳ್ತೀನಿ, ನಿಜ ಹೇಳು. ಈಗ ನಿನ್ನ ತಲೇಲಿ ಏನು ಓಡ್ತಿದೆ?"

ಅವಳು ಪ್ರಾಮಾಣಿಕವಾಗಿ ಹುಡುಕಿದಳು. "ಏನೂ ಇಲ್ಲ ಕಣೆ ಅಕ್ಕಾ" ಎಂದಳು. "ಸಂಜೆಗೆ ಉಪ್ಪಿಟ್ಟು ಮಾಡ್ಲಾ ಅಂತ."

ಅವಳೂ ಒಳಗೊಳಗೇ ಏನೋ ನುಂಗಿಕೊಂಡಿರಬಹುದು, ಆ ನಗುವಿನ ಹಿಂದೆ ಏನೋ ಇರಬಹುದು ಎಂದು ನಾನು ಆಸೆಪಟ್ಟಿದ್ದೆ. ಏನೂ ಇರಲಿಲ್ಲ. ಅವಳು ಹುಟ್ಟಿದ್ದೇ ಹಾಗೆ. ಕೆಲವರಿಗೆ ಗುಂಗುರು ಕೂದಲು ಬಂದಹಾಗೆ ಅವಳಿಗೆ ಅದು ಬಂದಿದೆ. ನನಗೆ ಬಂದಿಲ್ಲ. ಇದನ್ನು ಒಪ್ಪಿಕೊಳ್ಳುವುದು ಕಾಯಿಲೆಯ ಹೆಸರನ್ನು ಒಪ್ಪಿಕೊಳ್ಳುವುದಕ್ಕಿಂತ ಕಷ್ಟವಾಗಿತ್ತು. ನಾನು ಎಷ್ಟು ಮಾತ್ರೆ ನುಂಗಿದರೂ, ಎಷ್ಟು ಸಲ ಮುಷ್ಟಿ ಬಿಗಿದು ಬಿಟ್ಟರೂ ವೀಣಾ ಆಗುವುದಿಲ್ಲ. ಇದನ್ನು ಕೌನ್ಸೆಲರ್‌ಗೆ ಹೇಳಿದಾಗ, "ಆಗ್ಬೇಕಾಗಿಲ್ಲ" ಎಂದರು. ಹೇಳುವುದು ಸುಲಭ.

ಮಾತ್ರೆ ಶುರುವಾಗಿ ವರ್ಷ ದಾಟಿದ ಮೇಲೆ, ಮೇಘಾಳ ಕೊನೆಯ ಸೆಮಿಸ್ಟರ್ ಪರೀಕ್ಷೆ ಬಂತು. ಮೊದಲ ಪೇಪರಿನ ದಿನ ನಾನು ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಅವಳ ಫೋನ್ ಬಂತು. ಪರೀಕ್ಷೆಯ ಹೊತ್ತಿನಲ್ಲಿ ಅವಳು ನನಗೆ ಯಾವತ್ತೂ ಫೋನ್ ಮಾಡಿದವಳಲ್ಲ. ಎದ್ದು ಕಾರಿಡಾರಿಗೆ ಬಂದೆ. ಎದೆ ಬಡಿದುಕೊಳ್ಳುತ್ತಿತ್ತು. ಸ್ಕೂಟರು, ಬಸ್ಸು, ರಕ್ತ, ಎಲ್ಲವೂ ಒಂದೇ ಕ್ಷಣದಲ್ಲಿ ಕಣ್ಣೆದುರು ಬಂದು ಹೋಯಿತು.

"ಹೇಳು ಪುಟ್ಟಿ" ಎಂದೆ. ಅಷ್ಟೇ ಹೇಳಿದೆ.

"ಅಮ್ಮ, ಕೈ ನಡುಗ್ತಿದೆ. ಉಸಿರು ಒಳಗೆ ಹೋಗ್ತಾ ಇಲ್ಲ. ಓದಿದ್ದೆಲ್ಲ ಗೊತ್ತು, ಆದ್ರೂ. ಹಲ್ಲು ಕಚ್ಕೊಂಡೇ ಇದೀನಿ, ಬಿಡೋಕೇ ಆಗ್ತಿಲ್ಲ. ಕಾಲೇಜಿನ ಹೊರಗೆ ಕೂತಿದೀನಿ."

"ಎಷ್ಟು ದಿನದಿಂದ?"

"ಬಹಳ ದಿನ ಆಯ್ತು. ಹೇಳಿರ್ಲಿಲ್ಲ."

ಆಗಲೂ ನನ್ನ ಬಾಯಿಂದ ಬಂದದ್ದು, "ಚಿಕ್ಕಮ್ಮಂಗೆ ಫೋನ್ ಮಾಡಿದ್ಯಾ?" ಎಂದು.

"ಇಲ್ಲಮ್ಮ. ಅವರಿಗೆ ಗೊತ್ತಾಗಲ್ಲ. ಅವರಿಗೆ ಯಾವತ್ತೂ ಹೀಗೆ ಆಗಿಲ್ವಲ್ಲ."

ಕಾರಿಡಾರಿನ ಕಂಬಕ್ಕೆ ಒರಗಿ ನಿಂತೆ. ನನ್ನದು ಅವಳಿಗೂ ಬಂದುಬಿಟ್ಟಿದೆಯಲ್ಲ ಎಂದು ಸಂಕಟವಾಯಿತು. ತಾಯಿಯಾದವಳಿಗೆ ಅದು ಮಾತ್ರ ಆಗಬೇಕಿತ್ತು. ಆದರೆ ಅದರ ಜೊತೆಯಲ್ಲೇ, ತಡೆಯಲಾಗದ ಹಾಗೆ, ಖುಷಿಯೂ ಆಯಿತು. ಇಡೀ ಬೆಂಗಳೂರಿನಲ್ಲಿ ಅವಳಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದವಳು ನಾನು. ವೀಣಾ ಅಲ್ಲ. ಎರಡೂ ಒಟ್ಟಿಗೇ ಆದವು, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಸುಳ್ಳಾಗುತ್ತದೆ.

"ಬ್ಯಾಗ್ ಕೆಳಗಿಡು" ಎಂದೆ. "ಎರಡೂ ಕೈ ಮುಷ್ಟಿ ಕಟ್ಟು. ಇನ್ನೂ ಗಟ್ಟಿಯಾಗಿ. ನಾನೂ ಕಟ್ತಿದೀನಿ. ಈಗ ಬಿಡು."

ಆ ಕಡೆಯಿಂದ ಅವಳ ಉಸಿರು ಕೇಳಿಸುತ್ತಿತ್ತು. ಪೇಪರ್ ಯಾವುದು, ಎಷ್ಟು ಹೊತ್ತಿಗೆ, ಬರೆಯದಿದ್ದರೆ ಏನು ಗತಿ ಎಂದು ನಾನು ಕೇಳಲಿಲ್ಲ. ಎಂಟನೇ ಕ್ಲಾಸಿನ ಮಕ್ಕಳು ಸಾಲಾಗಿ ಹೊರಗೆ ಬಂದವು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಗಾಳಿಯಲ್ಲಿ ಎರಡು ಮುಷ್ಟಿ ಹಿಡಿದು ನಿಂತ ಮಿಸ್ಸನ್ನು ನೋಡಿ ಒಬ್ಬಳು ಕಿಸಕ್ಕನೆ ನಕ್ಕಳು. ನಾನು ನಗಲಿ ಎಂದು ಬಿಟ್ಟೆ.

"ಈಗ ಭುಜ" ಎಂದೆ ಮಗಳಿಗೆ. "ಮೇಲಕ್ಕೆ ಎತ್ತು. ಅವಸರ ಇಲ್ಲ. ನಾನಿಲ್ಲೇ ಇದೀನಿ."